ಚೀರಿದವರು ಮರುದಿನ ಕೇಳಿದ್ದು

2013ರ ಜೂನ್ 2ರ ರಾತ್ರಿ ಅಮೆರಿಕದ ಹಲವು ಮನೆಗಳಲ್ಲಿ ಒಂದೇ ಬಗೆಯ ಸಂಚು ನಡೆದಿತ್ತು. ಒಬ್ಬರು ‘ಗೇಮ್ ಆಫ್ ಥ್ರೋನ್ಸ್’ ನೋಡುತ್ತಿದ್ದರೆ, ಪಕ್ಕದಲ್ಲಿದ್ದವರು ಟೀವಿಯ ಗೊಡವೆ ಬಿಟ್ಟು ಅವರ ಮುಖವನ್ನೇ ಫೋನಿನಲ್ಲಿ ಹಿಡಿಯುತ್ತಿದ್ದರು. ಹಾಗೆ ಹಿಡಿದವರು ಆ ಸರಣಿಗೆ ಆಧಾರವಾದ, ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸ್ಟಾರ್ಮ್ ಆಫ್ ಸೋರ್ಡ್ಸ್’ ಕಾದಂಬರಿಯನ್ನು ಮೊದಲೇ ಓದಿದ್ದವರು. ಅದು ಬಂದದ್ದು 2000ದಲ್ಲಿ. ಮದುವೆಯೂಟದಲ್ಲಿ ಏನಾಗುತ್ತದೆ ಎಂಬುದನ್ನು ಅಷ್ಟು ಕಾಲ ಬಾಯಿ ಬಿಡದೆ ಕಾಪಾಡಿಕೊಂಡು ಬಂದಿದ್ದರು. ಸೋಫಾದಿಂದ ಎದ್ದು ನಿಂತವರು, ದಿಂಬಿನಲ್ಲಿ ಮುಖ ಹುದುಗಿಸಿದವರು, ಬಾಯಿಗೆ ಕೈ ಅಡ್ಡ ಇಟ್ಟು ಮಿಸುಕಾಡದೆ ಕುಳಿತವರು, ಎಲ್ಲರೂ ಯೂಟ್ಯೂಬ್ ಸೇರಿದರು. ಸ್ವಲ್ಪ ದಿನಕ್ಕೆ ಕೋನನ್ ಓಬ್ರಿಯನ್ ಅವರ ಕಾರ್ಯಕ್ರಮದಲ್ಲಿ ಸ್ವತಃ ಮಾರ್ಟಿನ್ ಕುಳಿತು ಆ ಚೀರಾಟವನ್ನು ನೋಡಿದರು.

ಆ ವಿಡಿಯೋಗಳು ಒಂದು ತಪ್ಪು ಅಳತೆಗೋಲನ್ನು ಚಾಲ್ತಿಗೆ ತಂದವು. ನೋಡುಗರು ಎಷ್ಟು ಜೋರಾಗಿ ಕೂಗಿದರೋ ದೃಶ್ಯ ಅಷ್ಟು ಗೆದ್ದಿತು ಎಂಬ ಎಣಿಕೆ ಅದು. ಆದರೆ ಕೂಗು ಕ್ಷಣದ್ದು. ಮರುದಿನ ಅದೇ ನೋಡುಗರು ಕೇಳಿದ ಪ್ರಶ್ನೆಗಳಲ್ಲಿ ನಿಜವಾದ ವಿಮರ್ಶೆಯಿದೆ, ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ರಾಬ್ ಸ್ಟಾರ್ಕ್ ಮತ್ತು ಅವನ ತಾಯಿ ಕ್ಯಾಟ್ಲಿನ್ ಮದುವೆಯೂಟದಲ್ಲೇ ಕೊಲೆಯಾಗುವ, ‘ರೆಡ್ ವೆಡ್ಡಿಂಗ್’ ಎಂದೇ ಹೆಸರಾದ ಆ ದೃಶ್ಯವನ್ನು ಎರಡನೆಯ ಸಲ ನೋಡಿದವರಿಗೆ ಬೇರೆಯೇ ಕಥೆ ಕಾಣುತ್ತದೆ. ರಾಬ್ ಸ್ಟಾರ್ಕ್ ಫ್ರೇ ಮನೆತನದ ಹೆಣ್ಣನ್ನು ವರಿಸುತ್ತೇನೆಂದು ಮಾತು ಕೊಟ್ಟು ಮುರಿದಿದ್ದ. ತನ್ನ ಸಾಮಂತ ಕಾರ್‌ಸ್ಟಾರ್ಕನ ತಲೆ ಕಡಿದು ತನ್ನ ಸೈನ್ಯದ ದೊಡ್ಡ ಪಾಲನ್ನು ಕಳೆದುಕೊಂಡಿದ್ದ. ಕಂತಿನ ಆರಂಭದಲ್ಲೇ ಮುದುಕ ವಾಲ್ಡರ್ ಫ್ರೇ ಅತಿಥಿಗಳಿಗೆ ರೊಟ್ಟಿ ಮತ್ತು ಉಪ್ಪು ಕೊಡಿಸುತ್ತಾನೆ. ತನ್ನ ಮನೆಯ ಉಪ್ಪು ತಿಂದವರ ಮೇಲೆ ಕೈ ಮಾಡುವಂತಿಲ್ಲ ಎಂಬುದು ಆ ಲೋಕದ ಕಟ್ಟಳೆ. ಆಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ, ವಾದ್ಯದವರು ಶತ್ರುಗಳಾದ ಲ್ಯಾನಿಸ್ಟರ್‌ಗಳ ಹಾಡನ್ನು ಎತ್ತಿಕೊಳ್ಳುತ್ತಾರೆ, ಕ್ಯಾಟ್ಲಿನ್ ತಮ್ಮ ಕಡೆಯವನೇ ಎಂದುಕೊಂಡಿದ್ದ ರೂಸ್ ಬೋಲ್ಟನ್‌ನ ತೋಳನ್ನು ಸರಿಸಿದರೆ ಬಟ್ಟೆಯ ಕೆಳಗೆ ಉಕ್ಕಿನ ಕವಚ. ಎಲ್ಲವೂ ಕಣ್ಣೆದುರೇ ಇತ್ತು. ‘ನಮಗೆ ಹೇಗೆ ಹೊಳೆಯಲಿಲ್ಲ?’ ಎಂದು ನೋಡುಗರು ತಮ್ಮನ್ನೇ ಕೇಳಿಕೊಳ್ಳುವಂತೆ ಮಾಡಿದ್ದು ನಿರ್ದೇಶಕ ಡೇವಿಡ್ ನಟರ್ ಅವರ ಗೆಲುವು. ಕೊನೆಯ ಹೆಸರುಗಳು ಸಂಗೀತವಿಲ್ಲದೆ ಸರಿದುಹೋಗುತ್ತವೆ.

ಮಾರ್ಟಿನ್‌ಗೆ ಇದರ ಬೀಜ ಸಿಕ್ಕಿದ್ದು ಸ್ಕಾಟ್ಲೆಂಡಿನ ಚರಿತ್ರೆಯಲ್ಲಿ: 1440ರಲ್ಲಿ ಎಡಿನ್‌ಬರೋ ಕೋಟೆಯಲ್ಲಿ ಊಟಕ್ಕೆ ಕರೆದು ಡಗ್ಲಸ್ ಸೋದರರನ್ನು ಕೊಂದದ್ದು, 1692ರಲ್ಲಿ ಗ್ಲೆಂಕೋದಲ್ಲಿ ಆತಿಥ್ಯ ಉಂಡ ಸೈನಿಕರೇ ಮನೆಯವರನ್ನು ಕಡಿದದ್ದು. ಭಾರತ ಕಥೆ ಕೇಳಿ ಬೆಳೆದವರಿಗೆ ಇಂಥ ರಾತ್ರಿ ಹೊಸದಲ್ಲ. ಮಲಗಿದ್ದ ಉಪಪಾಂಡವರನ್ನು ಅಶ್ವತ್ಥಾಮ ಕೊಲ್ಲುತ್ತಾನೆಂದು ಕೇಳುವ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೂ ಎದೆ ಹಿಂಡುತ್ತದೆ, ಏಕೆಂದರೆ ಆ ಕೊಲೆಯ ಹಿಂದೆ ಹದಿನೆಂಟು ದಿನಗಳ ಯುದ್ಧದ ಲೆಕ್ಕವಿದೆ. ಮುನ್ಸೂಚನೆಯಿಲ್ಲದ ಹೊಡೆತವೊಂದನ್ನೇ ನಂಬಿದ ದೃಶ್ಯ ಹಾಗೆ ಎರಡನೆಯ ಸಲ ಉಳಿಯಲಾರದು.

ಆದರೂ ‘ರೆಡ್ ವೆಡ್ಡಿಂಗ್’ನಲ್ಲೇ ಒಂದು ಹುಳುಕು ಕಾಣಿಸಿಕೊಂಡಿತ್ತು. ಕಾದಂಬರಿಯಲ್ಲಿ ರಾಬ್‌ನ ಹೆಂಡತಿ ಆ ಮದುವೆಗೆ ಬರುವುದೇ ಇಲ್ಲ. ಸರಣಿ ಅವಳನ್ನು ಗರ್ಭಿಣಿಯಾಗಿಸಿ ಕರೆತಂದು, ಹೊಟ್ಟೆಗೇ ಇರಿಯಿಸಿತು. ಕಥೆಗೆ ಅದು ಬೇಕಿರಲಿಲ್ಲ, ಚೀತ್ಕಾರಕ್ಕೆ ಬೇಕಿತ್ತು.

ಎರಡು ವರ್ಷದ ಬಳಿಕ, 2015ರ ಮೇ 17ರಂದು, ನೋಡುಗರು ಚೀರಲಿಲ್ಲ, ಎದ್ದು ಹೋದರು. ಐದನೆಯ ಸೀಸನ್ನಿನ ಆರನೆಯ ಕಂತಿನಲ್ಲಿ ರಾಬ್‌ನ ತಂಗಿ ಸಾನ್ಸಾ ಸ್ಟಾರ್ಕ್‌ಳ ಮೇಲೆ ಅವಳ ಗಂಡ ರಾಮ್ಸಿ ಬೋಲ್ಟನ್ ಮದುವೆಯ ರಾತ್ರಿಯೇ ಅತ್ಯಾಚಾರ ಮಾಡುತ್ತಾನೆ. ಕಾದಂಬರಿಯಲ್ಲಿ ಈ ಜಾಗದಲ್ಲಿರುವುದು ಜೇನ್ ಪೂಲ್ ಎಂಬ ಬೇರೆ ಹುಡುಗಿ. ಮಿಸ್ಸೂರಿಯ ಸೆನೆಟರ್ ಆಗಿದ್ದ ಕ್ಲೇರ್ ಮೆಕಾಸ್ಕಿಲ್ ಇನ್ನು ಈ ಸರಣಿ ನೋಡುವುದಿಲ್ಲವೆಂದು ಟ್ವೀಟ್ ಮಾಡಿದರು. ‘ದ ಮೇರಿ ಸೂ’ ಜಾಲತಾಣ ಇನ್ನು ಮುಂದೆ ಅದಕ್ಕೆ ಪ್ರಚಾರ ಕೊಡುವುದಿಲ್ಲವೆಂದು ಘೋಷಿಸಿತು. ‘ತಲೆ ಕಡಿದಾಗ ಸುಮ್ಮನಿದ್ದವರು ಈಗೇಕೆ ಕೂಗಾಡುತ್ತಾರೆ?’ ಎಂಬ ಸವಾಲು ಆಗ ಪದೇ ಪದೇ ಕೇಳಿಬಂತು. ನೋಡುಗರಿಗೆ ರಕ್ತದ ತಕರಾರಿರಲಿಲ್ಲ. ಕ್ಯಾಮೆರಾ ಆ ಹೊತ್ತಿನಲ್ಲಿ ಸಾನ್ಸಾಳನ್ನು ಬಿಟ್ಟು ಅಲ್ಲೇ ಅಳುತ್ತ ನಿಂತ, ಸ್ಟಾರ್ಕ್ ಮನೆಯಲ್ಲಿ ಬೆಳೆದ ಥಿಯಾನ್‌ನ ಮುಖದ ಮೇಲೆ ನೆಲೆಸಿತ್ತು. ನೋವು ಅವಳದು, ಕಥೆ ಅವನದು ಎಂಬಂತೆ. ಹಲವು ಮಹಿಳೆಯರು ಬೆರಳಿಟ್ಟು ತೋರಿಸಿದ್ದು ಇದನ್ನೇ.

ಮೂರೇ ವಾರಕ್ಕೆ, ಜೂನ್ 7ರ ಕಂತಿನಲ್ಲಿ, ಅದೇ ಸರಣಿ ಅದೇ ತಂತ್ರವನ್ನು ಮತ್ತೆ ಬಳಸಿತು. ಸ್ಟಾನಿಸ್ ಬರಾಥಿಯನ್ ಯುದ್ಧ ಗೆಲ್ಲುವ ಆಸೆಗೆ ತನ್ನ ಒಬ್ಬಳೇ ಮಗಳು ಶಿರೀನಳನ್ನು ಕಂಬಕ್ಕೆ ಕಟ್ಟಿಸಿ ಬೆಂಕಿಗೆ ಕೊಡುತ್ತಾನೆ. ಮಗು ಸುಡುವುದು ಕಾಣುವುದಿಲ್ಲ. ಅವಳ ಕೂಗು ಕೇಳುತ್ತದೆ, ಮುಖಗಳು ಕಾಣುತ್ತವೆ: ಕೊನೆಗಳಿಗೆಯಲ್ಲಿ ಕರುಳು ಕಿತ್ತುಬಂದು ಓಡುವ ತಾಯಿ ಸೆಲೀಸ್, ಅಲುಗದೆ ನಿಂತ ತಂದೆ. ಇಲ್ಲಿ ನೋಡುತ್ತ ನಿಂತವರೇ ಕೊಂದವರು. ಕ್ಯಾಮೆರಾ ಅವರತ್ತ ತಿರುಗಿದರೆ ಅಪರಾಧದತ್ತಲೇ ತಿರುಗಿದಂತೆ. ಇದನ್ನು ಸಹಿಸಲಾರದೆ ಸರಣಿ ಬಿಟ್ಟವರೂ ಇದ್ದರು, ಅವರ ಸಂಕಟ ಸಣ್ಣದಲ್ಲ. ಆದರೆ ಕಥೆ ಆ ಬೂದಿಯನ್ನು ಮರೆಯಲಿಲ್ಲ. ಮರುದಿನವೇ ತಾಯಿ ನೇಣು ಹಾಕಿಕೊಳ್ಳುತ್ತಾಳೆ, ಅರ್ಧ ಸೈನ್ಯ ಬಿಟ್ಟು ಹೋಗುತ್ತದೆ, ಸ್ಟಾನಿಸ್ ಸೋತು ಸಾಯುತ್ತಾನೆ. ಮುಂದಿನ ಸೀಸನ್ನಿನ ಕೊನೆಯ ಕಂತಿನಲ್ಲಿ ಸ್ಟಾನಿಸ್‌ನ ಬಂಟನಾಗಿದ್ದ ಡಾವೋಸ್, ತಾನು ಆ ಹುಡುಗಿಗೆ ಕೆತ್ತಿಕೊಟ್ಟಿದ್ದ ಮರದ ಜಿಂಕೆಯ ಸುಟ್ಟ ತುಂಡನ್ನು ಹಿಡಿದು, ಆ ಬಲಿಗೆ ಪ್ರೇರೇಪಿಸಿದ ಪೂಜಾರಿಣಿ ಮೆಲಿಸಾಂಡ್ರೆಯನ್ನು ಲೆಕ್ಕ ಕೇಳುತ್ತಾನೆ.

ಸಾನ್ಸಾಳ ವಿಷಯದಲ್ಲಿ ಸರಣಿ ಲೆಕ್ಕ ಕೊಟ್ಟ ರೀತಿಯೇ ಬೇರೆ. 2019ರಲ್ಲಿ ಅವಳ ಬಾಯಲ್ಲೇ, ಆ ಹಿಂಸೆ ಇಲ್ಲದಿದ್ದರೆ ತಾನು ಪುಟ್ಟ ಹಕ್ಕಿಯಾಗಿಯೇ ಉಳಿಯುತ್ತಿದ್ದೆ ಎಂಬ ಅರ್ಥದ ಮಾತು ಹೇಳಿಸಿದರು. ಹೆಣ್ಣನ್ನು ಗಟ್ಟಿಗೊಳಿಸಲು ಅತ್ಯಾಚಾರ ಒಂದು ಸಾಧನವಲ್ಲ ಎಂದು ನಟಿ ಜೆಸಿಕಾ ಚಾಸ್ಟೇನ್ ತಕ್ಷಣ ಪ್ರತಿಭಟಿಸಿದರು. ಅವರು ಹೇಳಿದ್ದು ಸರಿ.

ಮುಂದಿನ ವಾರವೇ ‘ದ ಬೆಲ್ಸ್’ ಎಂಬ ಕಂತು ಬಂತು. ಭಾರತದಲ್ಲಿ ಹಾಟ್‌ಸ್ಟಾರ್‌ನಲ್ಲಿ ಅದು ಸೋಮವಾರ ಬೆಳಗ್ಗೆ 6.30ಕ್ಕೇ ಸಿಗುತ್ತಿತ್ತು, ಗುಟ್ಟು ರಟ್ಟಾಗುವ ಮುನ್ನ ನೋಡಿ ಮುಗಿಸಿ ಕೆಲಸಕ್ಕೆ ಹೊರಟವರು ಬೆಂಗಳೂರಿನಲ್ಲೂ ಇದ್ದರು. ಶರಣಾಗತಿಯ ಗಂಟೆ ಬಾರಿಸಿದ ಮೇಲೂ, ಸಿಂಹಾಸನಕ್ಕಾಗಿ ಹೋರಾಡುತ್ತಿದ್ದ ಡೆನೇರಿಸ್ ರಾಜಧಾನಿಯನ್ನು ಡ್ರ್ಯಾಗನ್ ಬೆಂಕಿಯಲ್ಲಿ ಸುಡುತ್ತಾಳೆ. ಅವಳನ್ನು ಮೆಚ್ಚಿ, ತಮ್ಮ ಹೆಣ್ಣುಮಕ್ಕಳಿಗೆ ಅವಳ ಬಿರುದಾದ ‘ಖಲೀಸಿ’ಯನ್ನೇ ಹೆಸರಾಗಿ ಇಟ್ಟ ತಂದೆತಾಯಿಯರು ಅಮೆರಿಕದಲ್ಲಿ ನೂರಾರು ಮಂದಿ. ಕೊನೆಯ ಸೀಸನ್ನನ್ನು ಮತ್ತೆ ತಯಾರಿಸಿ ಎಂಬ ಮನವಿಗೆ ಹದಿನೈದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಹೊಸದಾಗಿ ತಯಾರಿಸಿ ಎಂಬ ಬೇಡಿಕೆ ಅತಿಯಾಯಿತು, ಅದರ ಹಿಂದಿನ ದೂರು ಮಾತ್ರ ನ್ಯಾಯವಾದದ್ದೇ. ಸೂಚನೆಗಳೇನೋ ಇದ್ದವು. ಮೀರೀನ್‌ನಲ್ಲಿ 163 ಒಡೆಯರನ್ನು ಶಿಲುಬೆಗೇರಿಸಿದವಳು, ಟಾರ್ಲಿ ತಂದೆ-ಮಗನನ್ನು ಸುಟ್ಟವಳು ಇವಳೇ. ಆದರೆ ಮೊದಲ ಆರು ಸೀಸನ್‌ಗಳು ಹತ್ತು ಹತ್ತು ಕಂತುಗಳಲ್ಲಿ ಹರಡಿಕೊಂಡಿದ್ದರೆ, ಕೊನೆಯೆರಡಕ್ಕೆ ಸಿಕ್ಕಿದ್ದು ಏಳು ಮತ್ತು ಆರು. ಗಂಟೆಗೂ ಬೆಂಕಿಗೂ ನಡುವೆ ಎಮಿಲಿಯಾ ಕ್ಲಾರ್ಕ್ ಅವರ ಮುಖವೊಂದೇ ಉಳಿಯಿತು. ಇಡೀ ಒಂದು ಸೀಸನ್ ಹೊರಬೇಕಾದ ಭಾರವನ್ನು ಆ ನಟಿ ಕೆಲವು ಕ್ಷಣಗಳಲ್ಲಿ ಹೊತ್ತರು.

2024ರ ಜೂನ್ 16ರಂದು ದೂರು ತಿರುವುಮುರುವಾಯಿತು. ಅದೇ ಲೋಕದ ಇನ್ನೊಂದು ಸರಣಿ ‘ಹೌಸ್ ಆಫ್ ದ ಡ್ರ್ಯಾಗನ್’ನ ಎರಡನೆಯ ಸೀಸನ್ನಿನ ಮೊದಲ ಕಂತಿನಲ್ಲಿ ಪುಟ್ಟ ರಾಜಕುಮಾರನ ಕೊಲೆಯನ್ನು ನೋಡಿದ ಓದುಗರು, ಇದು ಪುಸ್ತಕದಷ್ಟು ಭೀಕರವಾಗಿಲ್ಲ ಎಂದರು. ಹೊರನೋಟಕ್ಕೆ ಇದು ಕ್ರೌರ್ಯದ ಹಸಿವಿನಂತೆ ಕಾಣಬಹುದು. ಆದರೆ ಅದರ ಮೂಲವಾದ ಮಾರ್ಟಿನ್ ಅವರ ‘ಫೈರ್ ಅಂಡ್ ಬ್ಲಡ್’ನಲ್ಲಿ ಹಂತಕರು ತಾಯಿ ಹೆಲೇನಾಳಿಗೆ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ಆರಿಸು ಎನ್ನುತ್ತಾರೆ. ಅವಳು ಕಿರಿಯವನ ಹೆಸರು ಹೇಳುತ್ತಾಳೆ, ಅವರು ಹಿರಿಯವನನ್ನು ಕೊಲ್ಲುತ್ತಾರೆ. ಸರಣಿಯಲ್ಲಿ ಆ ಕಿರಿಯ ಮಗ ಮೇಲರ್ ಇಲ್ಲವೇ ಇಲ್ಲ. ಅವಳಿ ಮಕ್ಕಳಲ್ಲಿ ಗಂಡು ಯಾವುದೆಂದು ತಾಯಿ ಬೆರಳು ತೋರಿಸಿದರೆ ಮುಗಿಯಿತು. ಅದೇ ಸೆಪ್ಟೆಂಬರಿನಲ್ಲಿ ಮಾರ್ಟಿನ್ ಮೇಲರ್‌ನನ್ನು ಕೈಬಿಟ್ಟದ್ದರ ಬಗ್ಗೆ ಬಹಿರಂಗವಾಗಿಯೇ ಬೇಸರ ಬರೆದರು, ಬರಹ ಬೇಗನೆ ಮರೆಯಾಯಿತು. ಓದುಗರು ಹುಡುಕಿದ್ದು ಇನ್ನಷ್ಟು ರಕ್ತವನ್ನಲ್ಲ. ತಾನು ಸಾವಿಗೆ ಒಪ್ಪಿಸಿದ ಮಗನ ಮುಖವನ್ನು ದಿನವೂ ನೋಡುತ್ತ ಬದುಕಬೇಕಾದ ಹೆಲೇನಾಳನ್ನು ಹುಡುಕಿದರು. ಸರಣಿ ಕೊಲೆಯನ್ನು ಉಳಿಸಿಕೊಂಡು ಆ ತಾಯಿಯ ಆಯ್ಕೆಯನ್ನು ಕತ್ತರಿಸಿತ್ತು.