ಐದು ಕಾರಣಗಳ ಭಿನ್ನಮತ

ಕೇರಿಯ ಹುಡುಗ ಒಂದು ಮಾತು ಎತ್ತಿದರೆ ಊರಿನವರು 'ಗಲಾಟೆ' ಅಂತಾರೆ. ಅದೇ ಮಾತನ್ನು ಜಗಲಿಯ ಮೇಲೆ ಕೂತವರು ಆಡಿದರೆ 'ಅಭಿಪ್ರಾಯ' ಅಂತಾರೆ. ಮನೆಯೊಳಗೆ ಹೆಂಗಸು ಬಾಯಿ ತೆರೆದರೆ 'ನಿಂಗೇನ್ ಗೊತ್ತು, ಸುಮ್ಕಿರು' ಅಂತ ನಾವೇ ಗದರುತ್ತೇವೆ. ಯಾವುದು ಅಭಿಪ್ರಾಯ, ಯಾವುದು ಗಲಾಟೆ ಎಂದು ತೀರ್ಮಾನಿಸುವ ಯಜಮಾನಿಕೆ ಯಾರ ಕೈಯಲ್ಲಿದೆ? ಈ ಪ್ರಶ್ನೆ ಇಟ್ಟುಕೊಂಡು ನಾವು ಒಂದು ಬರಹವನ್ನು ಮತ್ತೆ ಓದಬೇಕಾಗಿದೆ. ಅದು ಕವಿತೆಯಲ್ಲ, ಕಾದಂಬರಿಯೂ ಅಲ್ಲ. 1951ರಲ್ಲಿ ಕೇಂದ್ರದ ಮಂತ್ರಿಮಂಡಲ ಬಿಟ್ಟಾಗ ಬಾಬಾಸಾಹೇಬ್ ಅಂಬೇಡ್ಕರ್ ಬರೆದ ರಾಜೀನಾಮೆಯ ಹೇಳಿಕೆ.

ಇಂಥದ್ದನ್ನು ಸಾಹಿತ್ಯವೆಂದು ನಮ್ಮ ಪಂಡಿತರು ಎಣಿಸುವುದಿಲ್ಲ. ಎಣಿಸದಿದ್ದರೆ ಬೇಡ. ಬರವಣಿಗೆಗೆ ನಿಲುವು ಎನ್ನುವುದೊಂದು ಇದ್ದರೆ ಅದು ಹೇಗಿರುತ್ತದೆ ಎಂದು ತಿಳಿಯಲು ನಮಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ.

ಮೊದಲು ನಡೆದದ್ದು ಹೇಳಬೇಕು. ಸೆಪ್ಟೆಂಬರ್ 27ರಂದು ಅವರು ರಾಜೀನಾಮೆ ಕೊಟ್ಟರು. ಅಕ್ಟೋಬರ್ 10ರಂದು ಪಾರ್ಲಿಮೆಂಟಿನಲ್ಲಿ ಅದಕ್ಕೆ ಕಾರಣ ಹೇಳಲು ಎದ್ದು ನಿಂತರು. ಹೇಳಿಕೆಯ ಪ್ರತಿಯನ್ನು ಮುಂಚಿತವಾಗಿ ಕೊಡಿ, ಸಂಜೆ ಓದಿ ಎಂಬ ಮಾತು ಪೀಠದಿಂದ ಬಂತು. ಸಂವಿಧಾನದ ಕರಡು ಸಮಿತಿಗೆ ಅಧ್ಯಕ್ಷರಾಗಿದ್ದ ಮನುಷ್ಯನ ಮಾತಿಗೂ ಮೊದಲು ಪರೀಕ್ಷೆ! ಅವರು ಸಭೆಯಿಂದ ಹೊರನಡೆದರು. ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಒಳಗೆ ಆಡಲಾಗದ ಮಾತು ಹೊರಗೆ ನಾಡಿಗೆಲ್ಲ ಕೇಳಿತು.

ಅದರಲ್ಲಿ ಐದು ಕಾರಣಗಳಿವೆ. ಮೊದಲನೆಯದು ಸ್ವಂತದ್ದು. ಅರ್ಥಶಾಸ್ತ್ರ ಓದಿ ಕೊಲಂಬಿಯಾ, ಲಂಡನ್ನಿನಲ್ಲಿ ಡಾಕ್ಟರೇಟ್ ಪಡೆದವರಿಗೆ ಕಾನೂನು ಖಾತೆಯೊಂದೇ ಗಂಟು ಬಿತ್ತು. ಯೋಜನೆಯ ಕೆಲಸ ಕೊಡುತ್ತೇವೆಂಬ ಮಾತು ಮಾತಾಗಿಯೇ ಉಳಿಯಿತು. 'ನನಗೇನೂ ಆಸೆಯಿರಲಿಲ್ಲ' ಎಂದು ದೊಡ್ಡವರಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಜೀತದವನು ವರ್ಷದ ಕೊನೆಗೆ ಲೆಕ್ಕ ಕೇಳುವ ಹಾಗೆ ಲೆಕ್ಕ ಕೇಳಿದರು. ತನಗಾದ ಅವಮಾನವನ್ನು ಮುಚ್ಚಿಟ್ಟು ಬರೀ ಸಮಾಜದ ಮಾತಾಡುವುದು ಸಭ್ಯರ ಅಭ್ಯಾಸ. ನಮ್ಮ ಜನಕ್ಕೆ ಸ್ವಂತದ ಗಾಯವೇ ಸಮಾಜದ ಸುದ್ದಿ.

ಎರಡನೆಯದು ಸಮಾಜ. ಹಿಂದುಳಿದವರಿಗೆ ಆಯೋಗ ನೇಮಿಸಬೇಕೆಂದು ಸಂವಿಧಾನದಲ್ಲಿ ಬರೆದಾಗಿತ್ತು, ನೇಮಿಸಿರಲಿಲ್ಲ. ಪರಿಶಿಷ್ಟರ ಮೇಲಿನ ದಬ್ಬಾಳಿಕೆ ಇದ್ದ ಹಾಗೇ ಇತ್ತು. ಮೂರನೆಯದು ಪ್ರಪಂಚ. ದೇಶಕ್ಕೆ ವರ್ಷಕ್ಕೆ 350 ಕೋಟಿ ರೂಪಾಯಿ ವರಮಾನ, ಅದರಲ್ಲಿ 180 ಕೋಟಿ ಸೈನ್ಯಕ್ಕೆ. ನಮಗೆ ಗೆಳೆಯರೇ ಇಲ್ಲವಾದ್ದರಿಂದ ಈ ಖರ್ಚು ಎಂದರು ಅವರು. ಪರದೇಶದ ವಿಚಾರವೆಂದರೆ ದಿಲ್ಲಿಯ ದೊರೆಗಳ ಕೆಲಸ, ಹಟ್ಟಿಯವನಿಗೆ ಅದು ಯಾಕೆ ಎನ್ನುವವರಿಗೆ ಈ ಎರಡು ಅಂಕಿಗಳೇ ಉತ್ತರ. ಅಲ್ಲಿ ಹೋಗುವ ಒಂದೊಂದು ರೂಪಾಯಿಯೂ ಇಲ್ಲಿನ ಶಾಲೆಯದು, ಬಾವಿಯದು, ಗಂಜಿಯದು.

ನಾಲ್ಕನೆಯದು, ತೀರ್ಮಾನಗಳೆಲ್ಲ ಸಮಿತಿಗಳಲ್ಲೇ ಮುಗಿದು ಮಂತ್ರಿಮಂಡಲ ರುಜು ಹಾಕುವ ಕಚೇರಿಯಾಯಿತೆಂಬುದು. ಐದನೆಯದು ಹಿಂದೂ ಕೋಡ್ ಮಸೂದೆ. ಅವರು ಮನೆಬಾಗಿಲು ದಾಟಿ ಒಳಗೆ ಹೋಗುವುದು ಇಲ್ಲಿ. ಮದುವೆ, ವಿಚ್ಛೇದನ, ದತ್ತು, ಆಸ್ತಿ ಎಲ್ಲದರಲ್ಲೂ ಹೆಣ್ಣಿಗೆ ಹಕ್ಕು. 1947ರ ಏಪ್ರಿಲಿನಲ್ಲಿ ಮಂಡನೆಯಾದ ಮಸೂದೆ ನಾಲ್ಕು ವರ್ಷ ನರಳಿ, ನಾಲ್ಕು ಕಲಮು ಪಾಸಾಗುವಷ್ಟರಲ್ಲಿ ಕೈಬಿಟ್ಟುಹೋಯಿತು. ಉಳಿದ ನಾಲ್ಕನ್ನೂ ಸಹಿಸಿಕೊಂಡಿದ್ದ ಅವರು ಇದನ್ನು ಸಹಿಸಲಿಲ್ಲ. ದಲಿತರ ನಾಯಕನೊಬ್ಬ ಕೊನೆಗೂ ಕುರ್ಚಿ ಬಿಟ್ಟದ್ದು ಹೆಣ್ಣುಮಕ್ಕಳ ಹಕ್ಕಿನ ಪ್ರಶ್ನೆಯ ಮೇಲೆ! ಇದನ್ನು ನಮ್ಮ ವೇದಿಕೆಗಳಲ್ಲಿ ಎಷ್ಟು ಜನ ಹೇಳಿದ್ದೇವೆ?

ಆ ಮಸೂದೆಯೇ ಮುಂದೆ ತುಂಡುತುಂಡಾಗಿ 1955 ಮತ್ತು 1956ರಲ್ಲಿ ನಾಲ್ಕು ಕಾಯಿದೆಗಳಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮ ಪಾಲು ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಇವತ್ತೂ ತವರಿನಲ್ಲಿ ಪಾಲು ಕೇಳಿದ ತಂಗಿಗೆ ಅಣ್ಣ ಬಾಗಿಲು ಹಾಕುತ್ತಾನೆ. ಆ ಅಣ್ಣ ನಮ್ಮ ಸಂಘಟನೆಯ ಕಾರ್ಯಕರ್ತನೂ ಆಗಿರಬಹುದು.

ಇಷ್ಟು ಮೆಚ್ಚಿದ ಮೇಲೆ ಒಪ್ಪದ್ದನ್ನೂ ಹೇಳಬೇಕು. ಕಾಶ್ಮೀರಕ್ಕೆ ಅವರು ಸೂಚಿಸಿದ ದಾರಿ ವಿಭಜನೆ. ಹಿಂದೂ, ಬೌದ್ಧರ ಭಾಗ ಭಾರತಕ್ಕೆ, ಮುಸ್ಲಿಮರ ಭಾಗ ಪಾಕಿಸ್ತಾನಕ್ಕೆ. ನಾವು ಇದನ್ನು ಒಪ್ಪಲಾರೆವು. ಧರ್ಮದ ಗೆರೆ ಎಳೆದಾಗ ಬಡವರ ಗತಿ ಏನಾಯಿತೆಂದು 1947 ತೋರಿಸಿತ್ತು. ಹಾಗೆಯೇ, ಪ್ರಧಾನಿಗೆ ಮುಸ್ಲಿಮರ ರಕ್ಷಣೆಯೊಂದೇ ಕಾಣುತ್ತದೆ, ಪರಿಶಿಷ್ಟರ ಪಾಡು ಕಾಣುವುದಿಲ್ಲ ಎಂದು ಅವರು ನೊಂದು ನುಡಿದರು. ಮುಸ್ಲಿಮರಿಗೆ ರಕ್ಷಣೆ ಬೇಡವೆಂದು ಅವರು ಹೇಳಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಒಬ್ಬರ ಗಾಯದ ಪಕ್ಕ ಇನ್ನೊಬ್ಬರ ಗಾಯವಿಟ್ಟು ತೂಗಿದರೆ ತಕ್ಕಡಿ ಹಿಡಿದವನಿಗೆ ಲಾಭ. ಈ ಸಾಲುಗಳನ್ನು ಈಗ ಕಿತ್ತು ತೆಗೆದು ತಮ್ಮ ಬಾವುಟಕ್ಕೆ ಅಂಟಿಸಿಕೊಳ್ಳುವವರು ಇದ್ದಾರೆ. ಐದನೇ ಕಾರಣ ಮಾತ್ರ ಅವರ ಬಾಯಲ್ಲಿ ಬರುವುದಿಲ್ಲ.

'ಬಾಬಾಸಾಹೇಬರನ್ನೇ ಪ್ರಶ್ನೆ ಮಾಡ್ತೀರಾ?' ಅಂತ ಗೆಳೆಯರು ಕೇಳಬಹುದು. ಮಾಡುತ್ತೇವೆ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿಯೆಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರು ಅವರೇ. ಅವರ ಫೋಟೋಗೆ ಹಾರ ಹಾಕಿ, ಅವರ ಬರಹಕ್ಕೆ ಬೀಗ ಹಾಕುವುದು ಪುರೋಹಿತಶಾಹಿಯ ಕೆಲಸ, ನಮ್ಮದಲ್ಲ.

ನಮ್ಮ ನಾಡಿನಲ್ಲೂ ಒಂದು ರಾಜೀನಾಮೆ ಇದೆ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಅದೊಂದು ವಿಮರ್ಶೆಯ ಅಭಿಪ್ರಾಯ. ಬೇರೆಯವರು ಅಂದಿದ್ದರೆ ವಿಚಾರ ಸಂಕಿರಣ ನಡೆಯುತ್ತಿತ್ತು. ಅವರು ಅಂದದ್ದಕ್ಕೆ ಬೀದಿಯಲ್ಲಿ ಗಲಭೆಯಾಯಿತು, ಮಂತ್ರಿಗಿರಿ ಹೋಯಿತು. ಆ ಸಿಟ್ಟಿನಿಂದಲೇ ದಲಿತ ಚಳವಳಿಗೂ ಬರವಣಿಗೆಗೂ ಬಲ ಬಂತು.

ಆದರೆ ಅಲ್ಲಿಂದ ಬಂದ ನಾವು ಒಳಗೊಳಗೇ ಏನು ಮಾಡಿಕೊಂಡೆವು? ಭಿನ್ನಮತ ಬಂದಾಗ ಕಾರಣ ಬರೆದಿಡಲಿಲ್ಲ. ಒಬ್ಬರನ್ನೊಬ್ಬರು 'ದ್ರೋಹಿ' ಎಂದೆವು, ಬಣವಾದೆವು, ಬಣದೊಳಗೆ ಬಣವಾದೆವು. ಒಂದು, ಎರಡು, ಮೂರು ಎಂದು ಕಾರಣ ಕೊಟ್ಟು ಹೊರಬಂದವನ ಜೊತೆ ನಾಳೆ ಮಾತಾಡಬಹುದು. ಬೈದು ಹೋದವನ ಜೊತೆ ಹೇಗೆ ಮಾತಾಡುವುದು?

ಹಳ್ಳಿಯ ಮೇಷ್ಟರುಗಳಿಗೆ, ಹಾಸ್ಟೆಲಿನ ಹುಡುಗರಿಗೆ ನಮ್ಮದೊಂದು ಕೋರಿಕೆ. ಈ ಹೇಳಿಕೆಯನ್ನು ಒಂದು ಸಂಜೆ ಕೂತು ಪೂರಾ ಓದಿ. ಐದು ಕಾರಣಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಯಾವುದನ್ನು ಒಪ್ಪುತ್ತೀರಿ, ಯಾವುದನ್ನು ಇಲ್ಲ ಅಂತ ಒಬ್ಬೊಬ್ಬರೂ ಹೇಳಿ. ಮೊದಲು ಮಾತಾಡುವ ಸರದಿ ಹೆಣ್ಣುಮಕ್ಕಳದಾಗಲಿ. ನಮ್ಮ ಈ ಬರಹವನ್ನು ಒಪ್ಪದವರು ಕಾರಣ ಬರೆದು ಕಳಿಸಲಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇವೆ.