ವ್ಯಾಘ್ರಯಂತ್ರದ ನಾದವೂ ಜೀರ್ಣೋದ್ಧಾರವೂ

ಸಾಲಿಗ್ರಾಮದ ಸೀಮೆಯನ್ನು ತೋಯಿಸಿ ಕೆಳಕ್ಕೆ ಹರಿಯುವ ಕಾವೇರಿಯು ಕವಲೊಡೆದು ಬಳಸಿರುವ ಶ್ರೀರಂಗಪಟ್ಟಣದ ಕೋಟೆಯು 1799ನೆಯ ಇಸವಿ ಮೇ 4ರಂದು ಇಂಗ್ಲಿಷರ ವಶವಾಯಿತು. ಆಗ ಟಿಪ್ಪುಸುಲ್ತಾನನ ಅರಮನೆಯಲ್ಲಿ ದೊರೆತ ವಸ್ತುಗಳೊಳಗೆ, ಕೆಡೆದ ಐರೋಪ್ಯನೊಬ್ಬನ ಮೇಲೆರಗಿದ ಮರದ ಹುಲಿಯು ಜಗತ್ಪ್ರಸಿದ್ಧವಾದುದು. 178 ಸೆಂಟಿಮೀಟರು ಉದ್ದದ ಈ ಪ್ರತಿಮೆಯನ್ನು ಬರಿಯ ಆಟಿಕೆಯೆಂದೆಣಿಸುವವರುಂಟು. ಆದರೆ ಇದರ ಉದರದಲ್ಲಿ ಕ್ರೈಸ್ತ ದೇವಾಲಯಗಳ ಆರ್ಗನ್ ವಾದ್ಯದ ಕುಲಕ್ಕೆ ಸೇರಿದ ಯಂತ್ರವಿರುವುದರಿಂದ, ಅದರ ದುರಸ್ತಿಯ ಚರಿತ್ರೆಯು ವಿಮರ್ಶಾರ್ಹವಾಗಿದೆ.

ಹುಲಿಯ ಪಾರ್ಶ್ವದ ಮುಚ್ಚಳವನ್ನು ತೆರೆದರೆ ದಂತದ 18 ಗುಂಡಿಗಳುಳ್ಳ ವಾದನಪೀಠವು ಕಾಣುವುದು. ಒಂದೇ ಶ್ರುತಿಯ ಎರಡು ಸಾಲು ಕೊಳವೆಗಳು ಅದಕ್ಕೆ ಅಧೀನವಾಗಿವೆ. ಹುಲಿಯ ಗರ್ಜನೆಗೂ ಮನುಷ್ಯನ ಆರ್ತನಾದಕ್ಕೂ ಬೇರೆ ಬೇರೆ ಕೊಳವೆಗಳುಂಟು. ಹಿಡಿಯನ್ನು ತಿರುಗಿಸಿದರೆ ತಿದಿಗಳು ಉಸಿರಾಡುವುವು. ಮನುಷ್ಯನ ಕೈ ಮೇಲೇಳುವುದು. ಹಾರ್ಮೋನಿಯಮ್ಮಿನಲ್ಲಿ ಹಿತ್ತಾಳೆಯ ನಾಲಗೆಯು ಕಂಪಿಸಿ ಧ್ವನಿಗೊಡುವುದು. ಇಲ್ಲಿಯಾದರೋ ಕೊಳಲಿನಂತೆ ಗಾಳಿಯೇ ಕೊಳವೆಯ ತುಟಿಯನ್ನು ತಾಗಿ ನುಡಿಯುವುದು. ಆದುದರಿಂದ ಕೊಳವೆಯ ಉದ್ದ, ತುಟಿಯ ಎತ್ತರ, ತಿದಿಯ ಒತ್ತಡ ಈ ಮೂರರಲ್ಲಿ ಯಾವುದು ವ್ಯತ್ಯಾಸವಾದರೂ ನಾದವು ಹಿಂದಿನದಾಗಿ ಉಳಿಯದು. ಒಮ್ಮೆ ಕತ್ತರಿಸಿದ ಕೊಳವೆಯು ಮತ್ತೆ ಬೆಳೆಯುವುದೂ ಇಲ್ಲ.

1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಇದನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಿತು. ಬಂದವರೆಲ್ಲರೂ ತಿರುಗಿಸಿದುದರಿಂದ ಯಂತ್ರವು ಸವೆಯಿತು, ಹಿಡಿಯೂ ಕಾಣೆಯಾಯಿತು. ತರುವಾಯ ನಡೆದ ದುರಸ್ತಿಗಳು ಯಂತ್ರದ ಮೂಲಕ್ರಮವನ್ನು ಬಹುಮಟ್ಟಿಗೆ ಅಳಿಸಿದುವೆಂದು ಆರ್ಡ್-ಹ್ಯೂಮ್ ಎಂಬ ವಿದ್ವಾಂಸರು 1987ರ ತಮ್ಮ ಅಧ್ಯಯನದಲ್ಲಿ ನಿರ್ಣಯಿಸಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಮೇಲ್ಛಾವಣಿ ಕುಸಿದು ಮರದ ಒಡಲು ನೂರಾರು ಚೂರುಗಳಾದರೂ, ಅವನ್ನು ಜೋಡಿಸಿ 1947ರೊಳಗೆ ಮರಳಿ ಪ್ರದರ್ಶಿಸಿದುದು ಶ್ಲಾಘ್ಯವಾದ ಕಾರ್ಯ. ಆದರೆ ಒಡಲಿಗೆ ದೊರೆತ ಈ ನ್ಯಾಯವು ನಾದಕ್ಕೆ ದೊರೆಯಲಿಲ್ಲ. ಚೂರಿನ ಅಂಚು ತನ್ನ ಸ್ಥಾನವನ್ನು ತಾನೇ ಹೇಳುತ್ತದೆ. ಅಳಿದ ಶ್ರುತಿಯು ಏನನ್ನೂ ಹೇಳದು.

ನುಡಿಯದ ವಾದ್ಯವು ಶವಪ್ರಾಯವಲ್ಲವೆ, ಹೇಗಾದರೂ ನುಡಿಸುವುದೇ ಉದ್ಧಾರವಲ್ಲವೆ ಎಂಬುದು ಪೂರ್ವಪಕ್ಷ. ನಿತ್ಯಪ್ರಾರ್ಥನೆಗೆ ಒದಗಬೇಕಾದ ದೇವಾಲಯದ ಆರ್ಗನ್ನಿನ ವಿಷಯದಲ್ಲಿ ಈ ವಾದವು ಒಪ್ಪತಕ್ಕದ್ದೇ. ಅಲ್ಲಿ ಚರ್ಮ ಹರಿದ ತಿದಿಗೆ ಹೊಸ ಚರ್ಮ ಹೊದಿಸಬಹುದು. ಸವೆದ ಮೆಟ್ಟುಗಳನ್ನು ಬದಲಿಸಬಹುದು. ಸೇವೆಯು ನಡೆಯುವುದೇ ಮುಖ್ಯ. ಆದರೆ ವಸ್ತುಸಂಗ್ರಹಾಲಯದ ಹುಲಿಗೆ ಸೇವೆಯಿಲ್ಲ, ಸಾಕ್ಷ್ಯವೊಂದೇ ಉಂಟು. ಹದಿನೆಂಟನೆಯ ಶತಮಾನದ ಶ್ರೀರಂಗಪಟ್ಟಣದ ಅರಮನೆಯು ಕೇಳಿದ ಧ್ವನಿಗೆ ಅದು ಸಾಕ್ಷಿ. ಸಾಕ್ಷಿಯ ಬಾಯಲ್ಲಿ ಬೇರೊಬ್ಬನ ಮಾತನ್ನಿಟ್ಟು ನುಡಿಸುವುದಕ್ಕಿಂತ ಅದರ ಮೌನವೇ ಲೇಸು.

ಜೀರ್ಣೋದ್ಧಾರದಲ್ಲಿ ಆಗಮಜ್ಞರು ಮೊದಲು ಬಿಂಬದ ಶಕ್ತಿಯನ್ನು ಕಲಶಕ್ಕೆ ಆವಾಹಿಸಿ, ಬಾಲಾಲಯದಲ್ಲಿ ಕಾಪಾಡಿ, ಬಳಿಕವೇ ಉಳಿಯನ್ನು ಮುಟ್ಟಿಸುತ್ತಾರೆ. ವಾದ್ಯದ ನಾದವನ್ನು ಕಾಯುವ ಕಲಶವೆಂದರೆ ಕೈಹಚ್ಚುವ ಮುನ್ನ ಬರೆದಿಟ್ಟ ಅಳತೆ. ಪ್ರತಿ ಕೊಳವೆಯ ಉದ್ದಗಲ, ಪ್ರತಿ ತಿದಿಯ ಒತ್ತಡ, ತೆಗೆದ ಹಾಗೂ ಸೇರಿಸಿದ ಭಾಗ, ಇವೆಲ್ಲವೂ ಲಿಖಿತವಾಗಬೇಕು. ಆ ಅಳತೆಯಿಂದ ಪ್ರತಿಕೃತಿಯನ್ನು ಮಾಡಿ, ಊಹೆಗಳನ್ನು ಅದರಲ್ಲಿ ನುಡಿಸಿ ಪರೀಕ್ಷಿಸಬಹುದು, ತಪ್ಪಾದರೆ ತಿದ್ದಬಹುದು. ಮೂಲದಲ್ಲಿ ಮಾಡಿದ ತಪ್ಪಿಗಾದರೋ ಪ್ರಾಯಶ್ಚಿತ್ತವಿಲ್ಲ. ಈಗ ಆ ಹುಲಿಯಿಂದ ಹೊರಡುವ ಸ್ವರವನ್ನು ಕೇಳಿ ಟಿಪ್ಪುವಿನ ಕಾಲದ್ದೆಂದು ಮೆಚ್ಚುವವರು, ಅದರಲ್ಲಿ ಎಷ್ಟು ಪಾಲು ಶ್ರೀರಂಗಪಟ್ಟಣದ್ದು, ಎಷ್ಟು ಪಾಲು ಲಂಡನ್ನಿನದು ಎಂಬುದನ್ನು ಮೊದಲು ವಿವೇಚಿಸತಕ್ಕದ್ದು.