ವಿಟ್ಟಿಯರನ ‘ಇಚಬಾಡ್’

ಮೆಕ್ಸಿಕೋದಿಂದ ಗೆದ್ದ ನೆಲದಲ್ಲಿ ಗುಲಾಮಗಿರಿ ಇರಬೇಕೆ ಎಂಬ ವಿವಾದದಿಂದ ಅಮೆರಿಕದ ಉತ್ತರ ದಕ್ಷಿಣ ಪ್ರಾಂತಗಳು ಬಿರಿಯುವಂತಿದ್ದುವು. ಕ್ಯಾಲಿಫೋರ್ನಿಯವು ದಾಸ್ಯವಿಲ್ಲದ ಸಂಸ್ಥಾನವಾಗಬೇಕು. ಪ್ರತಿಯಾಗಿ, ಓಡಿಬಂದ ಗುಲಾಮರನ್ನು ಉತ್ತರದವರು ಹಿಡಿದೊಪ್ಪಿಸಬೇಕು. ಇದು ೧೮೫೦ರ ರಾಜಿಯ ತಿರುಳು. ಮಾರ್ಚಿ ೭ರಂದು ಮ್ಯಾಸಚೂಸೆಟ್ಸಿನ ಡೇನಿಯಲ್ ವೆಬ್‌ಸ್ಟರನೇ ಸೆನೆಟ್ ಸಭೆಯಲ್ಲಿ ಇದನ್ನು ಸಮರ್ಥಿಸಿದನು. ಆ ವ್ಯಥೆಯಿಂದ ಹುಟ್ಟಿದುದು ಈ ಕವನ.

ಒಂಬತ್ತು ಪದ್ಯಗಳಲ್ಲಿ ಎಲ್ಲಿಯೂ ವೆಬ್‌ಸ್ಟರನ ಹೆಸರಿಲ್ಲ, ಬೈಗುಳವೂ ಇಲ್ಲ. ಬದುಕಿರುವವನಿಗೆ ಕವಿಯು ಚರಮಗೀತೆಯನ್ನು ಹಾಡುತ್ತಾನೆ. ಮಹಿಮೆ ತೊಲಗಿತೆಂದು ಬೈಬಲು ಅರ್ಥ ಹೇಳುವ ಹೆಸರೊಂದನ್ನು ಶೀರ್ಷಿಕೆಯಾಗಿಟ್ಟುದೇ ಸಾಕಾಯಿತು. ಈ ಸಂಯಮವು ಅಪೂರ್ವವಾದುದು. ಆದರೆ ಯಾರನ್ನು ಬೆನ್ನಟ್ಟಲು ಆ ಶಾಸನವೋ ಆ ಗುಲಾಮನು ಪದ್ಯದಲ್ಲಿ ಕಾಣನು. ಸರಪಳಿಯ ಮಾತು ಒಮ್ಮೆ ಬರುತ್ತದೆ, ನಿಜ. ಅದೂ ಪತಿತನಾದ ದೇವದೂತನ ಸರಪಳಿ! ದಾಸ್ಯದ ವಿರುದ್ಧ ಅಷ್ಟೊಂದು ಬರೆದ ಕವಿಗೆ ಇಲ್ಲಿ ನಾಯಕನ ಪತನವೇ ಕಣ್ಣುತುಂಬಿತು. ಕವನದ ಬಿಗಿಗೂ ಕೊರತೆಗೂ ಕಾರಣವೊಂದೇ.

೧೮೫೨ರಲ್ಲಿ ವೆಬ್‌ಸ್ಟರನು ತೀರಿಕೊಂಡನು. ೧೮೮೦ರಲ್ಲಿ, ಅಂತರ್ಯುದ್ಧವು ಮುಗಿದು ಹದಿನೈದು ವರ್ಷಗಳಾದ ಮೇಲೆ, ವಿಟ್ಟಿಯರನು ಅವನನ್ನೇ ಕುರಿತು ಮತ್ತೊಂದು ಕವನವನ್ನು ಬರೆದು, ಅವನು ಬದುಕಿದ್ದರೆ ಒಕ್ಕೂಟದ ಪರವಾಗಿ ನಿಲ್ಲುತ್ತಿದ್ದನೆಂದನು. ಅದರಲ್ಲಿ ಔದಾರ್ಯವು ಹೆಚ್ಚು, ಕಾವ್ಯವು ಕಡಮೆ.